ಫರ್ಮಾ ಎಡವಿದ ಸಂಖ್ಯೆ

ಚದುರಂಗದ ಹಾಸಿನ ಮೇಲೆ ಕಾಳಿಡುವ ಕಥೆ ನಿಮಗೆಲ್ಲ ಗೊತ್ತಿದ್ದದ್ದೇ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ಇಮ್ಮಡಿಸುತ್ತ ಹೋದರೆ 33ನೇ ಮನೆಯೊಂದರಲ್ಲೇ 429 ಕೋಟಿ 49 ಲಕ್ಷ 67 ಸಾವಿರದ 296 ಕಾಳು! ಅದಕ್ಕೆ ಇನ್ನೊಂದು ಕಾಳು ಸೇರಿಸಿ. ಬಂತಲ್ಲ 4,29,49,67,297, ಅದೇ ನಮ್ಮ ಕಥಾನಾಯಕ.

ಈಗ ಒಂದು ಆಟ. 2ನ್ನು ಅದರಿಂದಲೇ ಗುಣಿಸಿ, 4. ನಾಲ್ಕನ್ನು ನಾಲ್ಕರಿಂದ, 16. ಮುಂದೆ 256, ಆಮೇಲೆ 65,536. ಪ್ರತಿಯೊಂದಕ್ಕೂ 1 ಕೂಡಿಸಿದರೆ ಸಿಗುವುದು 3, 5, 17, 257, 65,537. ಐದೂ ಅವಿಭಾಜ್ಯ ಸಂಖ್ಯೆಗಳು. ಅಂದರೆ 1 ಮತ್ತು ತಮ್ಮನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಆರನೆಯದೇ ನಮ್ಮ ದೊಡ್ಡ ಸಂಖ್ಯೆ.

ಫ್ರಾನ್ಸಿನ ಟುಲೂಸ್ ನಗರದಲ್ಲಿ ನ್ಯಾಯಾಲಯದ ಕೆಲಸ ಮಾಡುತ್ತ ಬಿಡುವಿನಲ್ಲಿ ಗಣಿತ ಮಾಡುತ್ತಿದ್ದ ಪಿಯೆರ್ ಫರ್ಮಾ, 1640ರಲ್ಲಿ ಈ ಸಾಲಿನ ಎಲ್ಲ ಸಂಖ್ಯೆಗಳೂ ಅವಿಭಾಜ್ಯವೇ ಎಂಬ ನಂಬಿಕೆಯನ್ನು ಪತ್ರವೊಂದರಲ್ಲಿ ತಿಳಿಸಿದ. ಸಾಧನೆ ತನ್ನ ಬಳಿ ಇಲ್ಲವೆಂದು ಒಪ್ಪಿಕೊಂಡ, ಅದು ಅವನ ದೊಡ್ಡತನ. ನಾವಾದರೋ ಐದು ಲೆಕ್ಕ ಸರಿಬಂದರೆ ಸೂತ್ರವೇ ಸಿಕ್ಕಿತೆಂದು ಉತ್ತರಪತ್ರಿಕೆಯಲ್ಲಿ ಬರೆದುಬಿಡುತ್ತೇವೆ!

ಆರನೆಯದನ್ನು ಅವನೇಕೆ ಭಾಗಿಸಿ ನೋಡಲಿಲ್ಲ? ಶ್ರಮ ನೋಡಿ. 65,537ನ್ನು ಪರೀಕ್ಷಿಸಲು 256ರೊಳಗಿನ 54 ಅವಿಭಾಜ್ಯಗಳಿಂದ ಭಾಗಿಸಿದರೆ ಸಾಕು. ಮುಂದಿನದಕ್ಕೆ ಬೇಕಾದದ್ದು 65,536ರೊಳಗಿನ 6,542 ಅವಿಭಾಜ್ಯಗಳು, ಅದೂ ಕೈಲೆಕ್ಕದಲ್ಲಿ. ನಿಮ್ಮ ಮನೆಯ ಎಂಟಂಕಿ ಕ್ಯಾಲ್ಕುಲೇಟರಿನಲ್ಲಿ ಈ ಸಂಖ್ಯೆ ಹಿಡಿಯುವುದೂ ಇಲ್ಲ.

ತೊಂಬತ್ತು ವರ್ಷ ಹಾಗೆಯೇ ಕಳೆಯಿತು. 1729ರಲ್ಲಿ ಗೋಲ್ಡ್‌ಬಾಕ್ ಎಂಬ ಗಣಿತಜ್ಞ ಈ ಮಾತನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದ ಲಿಯೊನಾರ್ಡ್ ಆಯ್ಲರನಿಗೆ ಬರೆದು ತಿಳಿಸಿದ. 1732ರಲ್ಲಿ, 25ರ ಹರೆಯದ ಆಯ್ಲರ್ ಉತ್ತರ ಕೊಟ್ಟ: ಇದು 641ರಿಂದ ಭಾಗವಾಗುತ್ತದೆ.

ನಂಬಬೇಡಿ, ಪೆನ್ಸಿಲು ಹಿಡಿಯಿರಿ. 67,00,417ನ್ನು 600ರಿಂದ ಗುಣಿಸಿದರೆ 4,02,02,50,200. ನಲವತ್ತರಿಂದ ಗುಣಿಸಿದರೆ 26,80,16,680. ಒಂದರಿಂದ, ಅದೇ 67,00,417. ಮೂರನ್ನೂ ಕೂಡಿ ನೋಡಿ.

ಸಾವಿರಾರು ಅವಿಭಾಜ್ಯಗಳ ನಡುವೆ 641ನ್ನೇ ಹೆಕ್ಕುವುದು ಹೇಗೆ? ಈ ಸಂಖ್ಯೆಗೆ ಅವಿಭಾಜ್ಯ ಅಪವರ್ತನ ಯಾವುದೇ ಇರಲಿ, ಅದನ್ನು 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಇದಕ್ಕೆ ಕಾರಣವನ್ನು ಆಯ್ಲರ್ ಮುಂದೆ ಸಾಧಿಸಿ ತೋರಿಸಿದ. ಅಂಥ ಅವಿಭಾಜ್ಯಗಳು ಕ್ರಮವಾಗಿ 193, 257, 449, 577, 641. ಐದನೆಯದಕ್ಕೇ ಬೀಗ ತೆರೆಯಿತು! ಕುರುಡಾಗಿ ಎಲ್ಲವನ್ನೂ ಪ್ರಯತ್ನಿಸಿದ್ದರೂ 641 ಬರುವುದು 116ನೆಯದಾಗಿ. ತಾಳ್ಮೆಯಿದ್ದ ವಿದ್ಯಾರ್ಥಿಗೆ ಒಂದು ಭಾನುವಾರದ ಕೆಲಸ.

ಸೋಜಿಗವೆಂದರೆ, ಈ ಉಪಾಯಕ್ಕೆ ತಳಹದಿಯಾದ ಸೂತ್ರ ಫರ್ಮಾನದೇ, ಅದೂ ಅದೇ 1640ರದು. ಕೀಲಿ ಅವನ ಜೇಬಿನಲ್ಲೇ ಇತ್ತು.

ಆ ಮೊದಲ ಐದನ್ನು ಬಿಟ್ಟರೆ ಸಾಲಿನಲ್ಲಿ ಮತ್ತೊಂದು ಅವಿಭಾಜ್ಯ ಇಂದಿಗೂ ಸಿಕ್ಕಿಲ್ಲ. ಆರನೆಯದರಿಂದ 33ನೆಯದರವರೆಗೆ ಎಲ್ಲವೂ ಭಾಗವಾಗುವಂಥವೇ. 34ನೆಯದರ ಗುಟ್ಟು ಕಂಪ್ಯೂಟರುಗಳಿಗೂ ದಕ್ಕಿಲ್ಲ. ಅದನ್ನು ಬರೆಯಲು ಬೇಕಾದ ಅಂಕಿಗಳೇ 258 ಕೋಟಿಗೂ ಹೆಚ್ಚು.