ಕಣ್ಣಿಗೆ ಕುಕ್ಕುವ ಕೆಂಪಂಗಿ ತೊಟ್ಟು ಯುದ್ಧಕ್ಕೆ?

ಪ್ರಶ್ನೆ: ಹಿಂದೆ ಸೈನಿಕರು ಕೆಂಪು ಅಂಗಿ ತೊಟ್ಟು ಹೋರಾಡುತ್ತಿದ್ದರಲ್ಲ, ಶತ್ರುವಿಗೆ ಗುರಿಯಿಡಲು ಸುಲಭವಾಗುತ್ತಿರಲಿಲ್ಲವೇ?

ಉತ್ತರ: ಗುರಿಯಿಡುವುದೇ ಆಗ ಕಷ್ಟವಿತ್ತು. ಅಂದಿನ ಕೋವಿಯ ಗುಂಡು ನೂರು ಗಜ ದಾಟಿದರೆ ಎತ್ತ ಹೋಗುತ್ತದೋ ಹೇಳಲಾಗುತ್ತಿರಲಿಲ್ಲ. ಹಾಗಾಗಿ ಸಾಲುಗಟ್ಟಿ ನಿಂತು ಒಟ್ಟಿಗೇ ಹಾರಿಸುತ್ತಿದ್ದರು. ನಾಲ್ಕು ಸುತ್ತು ಹಾರಿಸುವಷ್ಟರಲ್ಲಿ ಕರಿಮದ್ದಿನ ಹೊಗೆ ಮೈದಾನವನ್ನೆಲ್ಲ ಮುಚ್ಚುತ್ತಿತ್ತು. ಆ ಹೊಗೆಯಲ್ಲಿ ನಮ್ಮವರು ಯಾರು, ಎಲ್ಲಿದ್ದಾರೆ ಎಂದು ಸೇನಾಪತಿಗೆ ಕಾಣಬೇಕಲ್ಲ! ಅಡಗುವುದಕ್ಕಿಂತ ಗುರುತು ಸಿಗುವುದೇ ಮುಖ್ಯವಾಗಿತ್ತು. ಮಂಜಿಷ್ಠದ ಕೆಂಪು ಬಣ್ಣ ಅಗ್ಗವಾಗಿ ಸಿಗುತ್ತಿದ್ದುದೂ ಒಂದು ಕಾರಣ.

ಕೆಂಪಂಗಿಗೆ ಯುದ್ಧದ ಅಗತ್ಯವಷ್ಟೇ ಅಲ್ಲ, ಠೀವಿಯೂ ಕಾರಣವಾಗಿತ್ತು. ಹೈದರಾಬಾದಿನ ನಿಜಾಮ್ ಅಲಿ ಖಾನನ ಬಳಿ 'ಜಫರ್ ಪಲ್ಟನ್' ಎಂಬ ಮಹಿಳಾ ದಳವಿತ್ತು. ಜನಾನಾ (ಅಂತಃಪುರ) ಕಾಯುವ ಈ ಹೆಂಗಸರದೂ ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳಂಥದೇ ಕೆಂಪು ಕೋಟು. 1795ರಲ್ಲಿ ಮರಾಠರೊಡನೆ ನಡೆದ ಖರ್ಡಾ ಕದನಕ್ಕೂ ಹೋಗಿದ್ದರು. ಅಲ್ಲಿ ನಿಜಾಮ ಸೋತ. ಅದಕ್ಕೆ ಕೋಟಿನ ಬಣ್ಣವನ್ನು ದೂರುವಂತಿಲ್ಲ. ಸಮವಸ್ತ್ರಕ್ಕೆ ದರ್ಬಾರಿನ ಠೀವಿಯೂ ಬೇಕಿತ್ತೆಂಬುದು ಈ ಮಹಿಳಾ ದಳದಿಂದ ಚೆನ್ನಾಗಿ ತಿಳಿಯುತ್ತದೆ.

ಆಟ ಬದಲಾದದ್ದು ದೂರ ಹೊಡೆಯುವ ರೈಫಲ್‌ನಿಂದ. 1880ರ ದಶಕದ ಹೊಗೆಯಿಲ್ಲದ ಮದ್ದು ಉಳಿದ ಮರೆಯನ್ನೂ ತೆಗೆಯಿತು. ಬ್ರಿಟಿಷರು ಪೇಶಾವರದಲ್ಲಿ ಕಟ್ಟಿದ್ದ ಗೈಡ್ಸ್ ದಳ 1840ರ ದಶಕದಲ್ಲೇ ಖಾಕಿ ತೊಟ್ಟಿತ್ತು. ಫ್ರೆಂಚರು ಮಾತ್ರ 1914ರಲ್ಲೂ ಕೆಂಪು ಪ್ಯಾಂಟಿನಲ್ಲೇ ಯುದ್ಧಕ್ಕಿಳಿದು, ಮರುವರ್ಷ ಮಾಸಲು ನೀಲಿಗೆ ಬದಲಾದರು.