ಬರಡು ನೆಲಕ್ಕೆ ಕಲ್ಲಿನ ಸಾಲು: ಯಾಟೆಂಗಾ ರೈತರ ಅನುಭವ

ಒಂದು ಹೊಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ನೋಡಿದರೆ ಸಪಾಟು, ಹುಲ್ಲು ಕಡ್ಡಿಯೂ ಇಲ್ಲ. ಮೇಲ್ಮಣ್ಣು ಎಂದೋ ಕೊಚ್ಚಿ ಹೋಗಿದೆ, ಉಳಿದದ್ದು ಬಿಳಿಚಿಕೊಂಡ ಗಟ್ಟಿ ಪದರ. ಮಳೆ ಬಿದ್ದರೆ ನೀರು ಒಳಕ್ಕೆ ಇಳಿಯುವುದಿಲ್ಲ, ಅಂಗಳದ ಮೇಲೆ ಹರಿದಂತೆ ಹರಿದು ಹೋಗುತ್ತದೆ. ಇಂಥ ನೆಲಕ್ಕೆ ಯಾಟೆಂಗಾದ ಮೊಸ್ಸಿ ಜನ ‘ಜಿಪೆಲ್ಲೆ’ ಎನ್ನುತ್ತಾರೆ. ಈ ನೆಲವನ್ನು ಅವರು ಹೇಗೆ ಮತ್ತೆ ಬೇಸಾಯಕ್ಕೆ ತಂದರು, ಹೊರದೇಶದ ನೆರವು ಅದರಲ್ಲಿ ಎಲ್ಲಿ ಕೈಕೊಟ್ಟಿತು, ಎಲ್ಲಿ ಕೈಹಿಡಿಯಿತು ಎಂಬುದು ಮಳೆಯನ್ನೇ ನಂಬಿದ ನಮ್ಮ ಓದುಗರು ತಿಳಿಯಬೇಕಾದ ಸಂಗತಿ.

ಯಾಟೆಂಗಾ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಉತ್ತರದ ಪ್ರಾಂತ್ಯ. 1984ರವರೆಗೆ ಆ ದೇಶದ ಹೆಸರು ಅಪ್ಪರ್ ವೋಲ್ಟಾ. ಪ್ರಾಂತ್ಯದ ಮುಖ್ಯ ಪಟ್ಟಣ ವಾಹಿಗೂಯಾ. ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ, ಉಳಿದ ಎಂಟು ತಿಂಗಳು ಒಣಹವೆ. ಬೆಳೆಗಳು ನಮಗೆ ಪರಿಚಿತವೇ: ಜೋಳ ಮತ್ತು ಸಜ್ಜೆ. ಈ ಎರಡೂ, ಜೊತೆಗೆ ನಮ್ಮ ರಾಗಿಯೂ, ಮೂಲತಃ ಆಫ್ರಿಕಾದಿಂದಲೇ ಬಂದವು ಎಂಬುದು ನೆನಪಿರಲಿ. 1968ರಿಂದ 1973ರವರೆಗಿನ ಭೀಕರ ಬರದಲ್ಲಿ ಬಾವಿಗಳು ಬತ್ತಿದವು, ದನಗಳು ಸತ್ತವು. ದುಡಿಯುವ ಗಂಡಸರು ಗುಂಪುಗುಂಪಾಗಿ ದಕ್ಷಿಣದ ಐವರಿ ಕೋಸ್ಟ್‌ನ ತೋಟಗಳಿಗೆ ಕೂಲಿಗೆ ಹೋದರು.

ಯಂತ್ರ ಬಂತು, ಹೋಯಿತು

ನೆಲ ಉಳಿಸುವ ಪ್ರಯತ್ನ ಅದಕ್ಕೂ ಮುಂಚೆಯೇ ನಡೆದಿತ್ತು. 1962ರಿಂದ 1965ರವರೆಗೆ ಯೂರೋಪಿನ ಹಣದಿಂದ ‘ಗೆರೆಸ್’ ಎಂಬ ದೊಡ್ಡ ಯೋಜನೆ ಬಂತು. ಭಾರಿ ಯಂತ್ರಗಳು ಸುಮಾರು 1,20,000 ಹೆಕ್ಟೇರ್ ಪ್ರದೇಶದಲ್ಲಿ ಮಣ್ಣಿನ ಒಡ್ಡು ಹಾಕುತ್ತಾ ಹೋದವು. ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ಎಕರೆ! ಆದರೆ ಹೊಲದ ಯಜಮಾನನನ್ನು ಒಂದು ಮಾತು ಕೇಳಿದವರಿಲ್ಲ. ಯಾರ ಹೊಲ ಎಲ್ಲಿ ಮುಗಿಯುತ್ತದೆ, ದನದ ದಾರಿ ಎಲ್ಲಿದೆ ಎಂದು ಯಂತ್ರ ನೋಡುವುದೇ? ಒಡ್ಡು ತಮ್ಮದೆಂದು ರೈತರಿಗೆ ಅನ್ನಿಸಲೇ ಇಲ್ಲ. ದುರಸ್ತಿ ಮಾಡುವವರಿಲ್ಲದೆ ಅವು ಒಡೆದವು. ಮಣ್ಣಿನ ಒಡ್ಡು ಒಂದು ಕಡೆ ಒಡೆದರೆ ನೀರೆಲ್ಲ ಅಲ್ಲಿಗೇ ನುಗ್ಗಿ ಕೊರಕಲಾಗುತ್ತದೆ. ಇದನ್ನು ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

1979ರಲ್ಲಿ ಬ್ರಿಟನ್ನಿನ ಆಕ್ಸ್‌ಫಾಮ್ ಸಂಸ್ಥೆ ಇಲ್ಲಿ ಒಂದು ಸಣ್ಣ ಯೋಜನೆ ಆರಂಭಿಸಿತು. ಅವರ ಉದ್ದೇಶ ಗಿಡ ನೆಡಿಸುವುದು. ಪ್ರತಿ ಗಿಡದ ಸುತ್ತ ಮಳೆನೀರು ನಿಲ್ಲುವಂತೆ ಪುಟ್ಟ ಬದು ಕಟ್ಟಿಸಿದರು. ಗಿಡಗಳ ಬಗ್ಗೆ ರೈತರಿಗೆ ಅಷ್ಟು ಆಸಕ್ತಿ ಇರಲಿಲ್ಲ. ಬೇಸಿಗೆಯಲ್ಲಿ ಮೇಯಲು ಬಿಟ್ಟ ಆಡು ದನಗಳಿಂದ ಸಸಿ ಕಾಯುವುದೂ ಕಷ್ಟವೇ. ಆದರೆ ಬದುವಿನೊಳಗೆ ನಿಂತ ನೀರನ್ನು ಮಾತ್ರ ಅವರು ಗಮನಿಸಿದರು. ಅಲ್ಲಿ ಕಾಳು ಬಿತ್ತಿದರು, ಬೆಳೆ ಬಂತು. ಹೊಟ್ಟೆಗೆ ಕಾಳು ಬೇಕು, ಮರ ಆಮೇಲೆ ಎಂಬುದು ಅವರ ಲೆಕ್ಕ.

ನನ್ನ ಎಣಿಕೆಯಲ್ಲಿ ಈ ಇಡೀ ಕಥೆಯ ತಿರುವು ಇಲ್ಲಿದೆ. ದುಡ್ಡು ಕೊಟ್ಟವರು ಹಠ ಹಿಡಿಯಲಿಲ್ಲ. ಗಿಡದ ಯೋಜನೆಯನ್ನು ಬದಿಗಿಟ್ಟು, ಬೆಳೆಯ ಹೊಲದಲ್ಲಿ ನೀರು ನಿಲ್ಲಿಸುವ ಕೆಲಸಕ್ಕೆ ತಿರುಗಿದರು. ಯಾಟೆಂಗಾದ ರೈತರಿಗೆ ಹೊಲದಲ್ಲಿ ಕಲ್ಲು ಸಾಲಿಡುವ ಹಳೆಯ ರೂಢಿ ಇತ್ತು. ಹೊಸದನ್ನು ತಂದು ಹೇರುವ ಬದಲು ಅದನ್ನೇ ಸರಿಪಡಿಸಿದರು.

ಕೊಳವೆಯ ಮಟ್ಟ

ಹಳೆಯ ಸಾಲುಗಳಲ್ಲಿದ್ದ ದೋಷವೆಂದರೆ ಅವು ಸಮಪಾತಳಿಯಲ್ಲಿ ಇರಲಿಲ್ಲ. ಅಲ್ಲಿನ ಇಳಿಜಾರು ನೂರು ಅಡಿಗೆ ಒಂದೆರಡು ಅಡಿ ಮಾತ್ರ, ಎಂಥ ಅನುಭವಿಯ ಕಣ್ಣಿಗೂ ಸಿಗದು. ಸಾಲು ಸ್ವಲ್ಪ ಓರೆಯಾದರೂ ನೀರು ಅದರ ಉದ್ದಕ್ಕೂ ಓಡಿ ಕೊನೆಯಲ್ಲಿ ಮಣ್ಣು ಕೊರೆಯುತ್ತದೆ. ಸರ್ವೆಯವರ ದುರ್ಬೀನು ಹಳ್ಳಿಗೆ ಎಟುಕದು. ಅದಕ್ಕೆ ಕಂಡುಕೊಂಡ ಉಪಾಯವನ್ನು ನೀವೆಲ್ಲ ನೋಡಿದ್ದೀರಿ: ನಮ್ಮಲ್ಲಿ ಗಾರೆ ಕೆಲಸದವರು ಗೋಡೆಯ ಮಟ್ಟ ನೋಡಲು ಹಿಡಿಯುವ ನೀರು ತುಂಬಿದ ಪಾರದರ್ಶಕ ಕೊಳವೆ, ಅದೇ.

ಆಳೆತ್ತರದ ಎರಡು ಕೋಲುಗಳು, ಎರಡರ ಮೇಲೂ ಒಂದೇ ರೀತಿ ಅಳತೆಯ ಗೆರೆಗಳು. ಹತ್ತು ಹದಿನೈದು ಮೀಟರ್ ಉದ್ದದ ಕೊಳವೆಯ ಎರಡು ತುದಿಗಳನ್ನು ಕೋಲುಗಳಿಗೆ ಕಟ್ಟಿ, ಗುಳ್ಳೆ ನಿಲ್ಲದಂತೆ ನೀರು ತುಂಬಬೇಕು. ಒಬ್ಬ ಕೋಲು ಊರಿ ನಿಲ್ಲುತ್ತಾನೆ. ಇನ್ನೊಬ್ಬ ತನ್ನ ಕೋಲನ್ನು ಮೇಲೆ ಕೆಳಗೆ ಸರಿಸುತ್ತಾ, ಎರಡೂ ಕಡೆ ನೀರು ಒಂದೇ ಗೆರೆಗೆ ಬಂದ ಜಾಗದಲ್ಲಿ ನಿಲ್ಲಿಸುತ್ತಾನೆ. ಆ ಎರಡು ಬಿಂದುಗಳು ಸಮಮಟ್ಟ. ಗುರುತು ಹಾಕಿ ಮುಂದಕ್ಕೆ ನಡೆಯುವುದು. ಆಗಿನ ಬೆಲೆಯಲ್ಲಿ ಇದರ ಖರ್ಚು ಆರೇಳು ಡಾಲರ್. ಓದು ಬರಹ ಬಾರದವರೂ ಎರಡು ಮೂರು ದಿನಗಳಲ್ಲಿ ಕಲಿತರು. ಕಲಿತವರು ತಮ್ಮ ಊರಿಗೆ ಹೋಗಿ ಇತರರಿಗೆ ಕಲಿಸಿದರು.

ಗುರುತಿನ ಉದ್ದಕ್ಕೂ ಸಣ್ಣ ಚರಂಡಿ ತೆಗೆದು ಕಲ್ಲು ಜೋಡಿಸುತ್ತಾರೆ, ಎತ್ತರ ಗೇಣಿನ ಆಸುಪಾಸು. ಒಂದು ಸಾಲಿಗೂ ಮತ್ತೊಂದಕ್ಕೂ ನಡುವೆ 15ರಿಂದ 30 ಮೀಟರ್. ಗಾರೆ ಇಲ್ಲ, ಮಣ್ಣು ಮೆತ್ತುವುದೂ ಇಲ್ಲ. ಇದರ ಗುಟ್ಟು ನೀರನ್ನು ಪೂರ್ತಿ ತಡೆಯುವುದರಲ್ಲಿಲ್ಲ. ಹರಿದು ಬಂದ ನೀರು ಕಲ್ಲಿಗೆ ತಾಗಿ ನಿಧಾನವಾಗುತ್ತದೆ, ಹರಡುತ್ತದೆ, ಸಂದಿಗಳಲ್ಲಿ ಜಿನುಗಿ ಮುಂದೆ ಹೋಗುತ್ತದೆ. ತಂದ ರೇವೆ, ಎಲೆ, ಹಿಕ್ಕೆ, ಹುಲ್ಲಿನ ಬೀಜ ಎಲ್ಲವನ್ನೂ ಸಾಲಿನ ಮೇಲ್ಬದಿಯಲ್ಲಿ ಬಿಟ್ಟುಹೋಗುತ್ತದೆ. ದೊಡ್ಡ ಮಳೆಗೆ ನೀರು ಕಲ್ಲಿನ ಮೇಲೆ ಹಾರಿ ಹೋದರೂ ಸಾಲು ಒಡೆಯುವ ಭಯವಿಲ್ಲ. ಅಳತೆಗಳಲ್ಲಿ ಇಳುವರಿಯ ಹೆಚ್ಚಳ ಸರಾಸರಿ ನೂರಕ್ಕೆ 40ರ ಆಸುಪಾಸು ಕಂಡುಬಂದಿದೆ. 1980ರ ದಶಕ ಮುಗಿಯುವ ವೇಳೆಗೆ ಈ ಸಾಲುಗಳು 400ಕ್ಕೂ ಹೆಚ್ಚು ಹಳ್ಳಿಗಳಿಗೆ ಹಬ್ಬಿದ್ದವು.

ಕಷ್ಟವೇ ಇಲ್ಲವೆಂದು ತಿಳಿಯಬೇಡಿ. ಕಲ್ಲು ಹೊತ್ತವರಲ್ಲಿ ಹೆಂಗಸರೇ ಬಹಳ, ತಲೆಯ ಮೇಲೆ. ಹತ್ತಿರದ ಕಲ್ಲು ಮುಗಿದ ಮೇಲೆ ದೂರದಿಂದ ತರಬೇಕು, ಕತ್ತೆಗಾಡಿ ಬೇಕು, ಕೊನೆಗೆ ಲಾರಿಯೇ ಬೇಕಾಯಿತು. ಲಾರಿ ಬಂದರೆ ಬಾಡಿಗೆಯ ಪ್ರಶ್ನೆಯೂ ಬಂತು.

ಗುಣಿಯ ಬೇಸಾಯ

ಕಲ್ಲಿನ ಸಾಲಿನ ಜೊತೆಗೆ ನಡೆದ ಇನ್ನೊಂದು ಪದ್ಧತಿ ‘ಜಾಯ್’. ಇದು ರೈತರದೇ. ಬೇಸಿಗೆಯಲ್ಲಿ ಗಟ್ಟಿ ನೆಲದಲ್ಲಿ ಗೇಣಗಲ, ಅರ್ಧ ಅಡಿಗಿಂತ ಸ್ವಲ್ಪ ಹೆಚ್ಚು ಆಳದ ಗುಣಿಗಳನ್ನು ತೋಡಿ, ಒಂದೆರಡು ಬೊಗಸೆ ಗೊಬ್ಬರ ಹಾಕಿ ಬಿಡುವುದು. ಮೊದಲ ಮಳೆಗೆ ಗುಣಿಯಲ್ಲೇ ಜೋಳ ಬಿತ್ತುವುದು. ವಾಹಿಗೂಯಾ ಬಳಿಯ ಗೂರ್ಗಾ ಗ್ರಾಮದ ಯಾಕೂಬಾ ಸವಡೋಗೊ ಎಂಬ ರೈತರು 1980ರ ಸುಮಾರಿನಲ್ಲಿ ಈ ಹಳೆಯ ಗುಣಿಯನ್ನು ಇನ್ನಷ್ಟು ದೊಡ್ಡದು ಮಾಡಿ ಗೊಬ್ಬರ ತುಂಬಿದರು. ಗೊಬ್ಬರಕ್ಕೆ ಗೆದ್ದಲು ಬಂತು. ನಾವು ಗೆದ್ದಲು ಎಂದರೆ ಮಾರು ದೂರ ಓಡುತ್ತೇವೆ. ಅಲ್ಲಿ ಅದು ಗಟ್ಟಿ ಪದರವನ್ನು ಕೊರೆದು, ನೀರು ಇಳಿಯುವ ದಾರಿ ಮಾಡಿಕೊಟ್ಟಿತು. ಗೊಬ್ಬರದಲ್ಲಿದ್ದ ಮರದ ಬೀಜಗಳೂ ಮೊಳೆತವು. ಅವರು ಕೀಳದೆ ಕಾಪಾಡಿದರು.

ಒಂದು ಹೆಕ್ಟೇರಿಗೆ ಹತ್ತು ಸಾವಿರಕ್ಕೂ ಹೆಚ್ಚು ಗುಣಿ ಬೇಕು. ಬೇಸಿಗೆಯ ಬಿಸಿಲಿನಲ್ಲಿ ಹಾರೆ ಹಿಡಿದವನನ್ನು ಊರು ಹುಚ್ಚನೆಂದಿತು, ಯಾರೋ ಅವರ ಮರಗಳಿಗೆ ಬೆಂಕಿಯನ್ನೂ ಇಟ್ಟರು. ಬೆಳೆ ಬಂದ ಮೇಲೆ ಮಾತು ಬದಲಾಯಿತು. 1984ರಿಂದ ಅವರು ವರ್ಷಕ್ಕೆ ಎರಡು ಸಲ ತಮ್ಮ ಹೊಲದಲ್ಲೇ ರೈತರನ್ನು ಸೇರಿಸಿ, ಬೀಜ ಮತ್ತು ಅನುಭವಗಳ ವಿನಿಮಯಕ್ಕೆ ಸಂತೆ ಮಾಡಿದರು. 2018ರಲ್ಲಿ ಸ್ವೀಡನ್ನಿನ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಅವರಿಗೆ ಬಂತು. ಅಷ್ಟರಲ್ಲಿ ಪಟ್ಟಣ ಬೆಳೆದು, ಅವರು ಬೆಳೆಸಿದ ಕಾಡಿನ ಭಾಗದಲ್ಲೇ ನಿವೇಶನಗಳ ಗುರುತು ಬಿದ್ದಿತ್ತು. 2023ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಒಣ ತಿಂಗಳ ಕೆಲಸ

ಇಷ್ಟು ಕಲ್ಲು ಒಬ್ಬ ಹೊರಲಾರ, ಜನ ಒಟ್ಟಾಗಬೇಕು. ಮೊಸ್ಸಿ ಹಳ್ಳಿಗಳಲ್ಲಿ ಹುಡುಗ ಹುಡುಗಿಯರು ಮಳೆಗಾಲದಲ್ಲಿ ಸೇರಿ ಊರ ಹೊಲ ಮಾಡುವ ಹಳೆಯ ಕೂಟಕ್ಕೆ ‘ಕೊಂಬಿ ನಾಮ್’ ಎಂದು ಹೆಸರು. (ನಮ್ಮ ನಾಮಕ್ಕೂ ಇದಕ್ಕೂ ಸಂಬಂಧವಿಲ್ಲ.) ಯಾಟೆಂಗಾದವರೇ ಆದ ಬರ್ನಾರ್ಡ್ ಲೆಡೆಯಾ ಊಡ್ರಾಗೊ 1967ರಲ್ಲಿ ಈ ಕೂಟವನ್ನೇ ಆಧಾರವಾಗಿಟ್ಟುಕೊಂಡು ನಾಮ್ ಸಂಘಗಳನ್ನು ಕಟ್ಟಿದರು. ‘ಕೆಡಿಸದೆ ಬೆಳೆಸು’ ಎಂಬುದು ಅವರ ಸೂತ್ರ. 1976ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಲಕೋಂಟ್ ಅವರೊಡನೆ ಸೇರಿ ‘ಸಿಕ್ಸ್ ಎಸ್’ ಎಂಬ ಸಂಸ್ಥೆ ಆರಂಭಿಸಿದರು. ಒಣ ತಿಂಗಳುಗಳನ್ನು ಕೆಲಸಕ್ಕೆ ಬಳಸಿಕೊಳ್ಳುವುದೇ ಅದರ ಉದ್ದೇಶ, ಹೆಸರಿನ ಅರ್ಥವೂ ಅದೇ. ಯೂರೋಪಿನ ದಾನಿಗಳಿಂದ ಬಂದ ಹಣವನ್ನು ಇಂಥದ್ದಕ್ಕೇ ಎಂದು ಮೊದಲೇ ಕಟ್ಟಿಹಾಕದೆ, ಬಾವಿಯೋ, ಒಡ್ಡೋ, ಧಾನ್ಯದ ಕಣಜವೋ ಎಂಬ ತೀರ್ಮಾನವನ್ನು ಸಂಘಗಳಿಗೇ ಬಿಡುವ ಕ್ರಮ ಇಟ್ಟುಕೊಂಡರು. ದಾನಿಗಳನ್ನು ಇದಕ್ಕೆ ಒಪ್ಪಿಸುವುದು ಕಲ್ಲು ಹೊರುವುದಕ್ಕಿಂತ ಸುಲಭವಾಗಿತ್ತೆಂದು ನನಗೆ ಅನ್ನಿಸುವುದಿಲ್ಲ.

1989ರಲ್ಲಿ ನೆರೆಯ ನೈಜರ್ ದೇಶದ ಇಲ್ಲೆಲಾ ಜಿಲ್ಲೆಯಿಂದ 13 ಮಂದಿ ರೈತರನ್ನು ಯಾಟೆಂಗಾ ನೋಡಲು ಕರೆತಂದರು. ಅವರಲ್ಲಿ ಕೆಲವರು ಊರಿಗೆ ಮರಳಿ ತಮ್ಮ ಬಂಜರಿನಲ್ಲಿ ಗುಣಿ ತೋಡಿದರು. ಮರುವರ್ಷ ಮಳೆ ಕೈಕೊಟ್ಟಿತು. ಗುಣಿಯ ಹೊಲಗಳಲ್ಲಿ ಮಾತ್ರ ಕೊಯ್ಲಿಗೆ ಬೆಳೆ ಸಿಕ್ಕಿದ್ದನ್ನು ನೆರೆಯವರು ನೋಡಿದರು. ಆಮೇಲೆ ಹೇಳಿಕೊಡುವ ಕೆಲಸ ಉಳಿಯಲಿಲ್ಲ. ಯಾರೂ ಮುಟ್ಟದಿದ್ದ ಬಂಜರು ನೆಲವನ್ನು ಅಲ್ಲಿ ಕೊಳ್ಳುವ, ಮಾರುವ ವ್ಯವಹಾರ ಶುರುವಾಯಿತು.

ಈಚಿನ ವರ್ಷಗಳ ಸುದ್ದಿ ಚೆನ್ನಾಗಿಲ್ಲ. 2015ರಿಂದೀಚೆಗೆ ಬುರ್ಕಿನಾ ಫಾಸೊದಲ್ಲಿ ಸಶಸ್ತ್ರ ಗುಂಪುಗಳ ಹಾವಳಿ ಹಬ್ಬಿ, 2023ರ ವೇಳೆಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟಿದ್ದರು. ಯಾಟೆಂಗಾವೂ ಹೊರತಲ್ಲ, ಸುತ್ತಲ ಹಳ್ಳಿಗಳಿಂದ ಬಂದವರು ವಾಹಿಗೂಯಾದಲ್ಲಿ ಆಶ್ರಯ ಪಡೆದಿದ್ದಾರೆ. ಕಲ್ಲಿನ ಸಾಲಿನ ಹಿಂದೆ ರೇವೆ ತುಂಬಿದಂತೆಲ್ಲ ಮೇಲೆ ಕಲ್ಲು ಏರಿಸಬೇಕು, ಗುಣಿಗೆ ಕೆಲವು ವರ್ಷಗಳಿಗೊಮ್ಮೆ ಗೊಬ್ಬರ ಹಾಕಬೇಕು. ಈ ಕೆಲಸ ಬಲ್ಲವರಲ್ಲಿ ಎಷ್ಟೋ ಮಂದಿ ಈಗ ಹೊಲದಿಂದ ದೂರದಲ್ಲಿದ್ದಾರೆ.