ಶಾನಭಾಗ ಅನ್ನೋದು ಹುದ್ದೆಯಾಗಿತ್ತು!

ಕುಮಟಾದಲ್ಲಿ ಬಸ್ ಹತ್ತಿ, ಹೊನ್ನಾವರ ದಾಟಿ ಭಟ್ಕಳಕ್ಕೆ ಹೋಗುವಾಗ ಅಂಗಡಿ ಬೋರ್ಡುಗಳನ್ನ ನೋಡ್ತಾ ಹೋಗಿ. ಎಲ್ಲಾದರೂ ಒಂದು ‘ಶಾನಭಾಗ’ ಸಿಕ್ಕೇ ಸಿಗುತ್ತೆ. ಅದು ಮೊದಲು ಅಡ್ಡಹೆಸರಲ್ಲ, ಹುದ್ದೆ. ಹಳೆಯ ಶಾಸನಗಳ ಸೇನಬೋವ, ಆಮೇಲಿನ ಶ್ಯಾನುಭೋಗ: ಊರಿನ ಲೆಕ್ಕ ಬರೆಯುವವ. ಯಾವ ಗದ್ದೆ ಯಾರದ್ದು, ಯಾರ ಕಂದಾಯ ಬಾಕಿ ಅನ್ನೋದೆಲ್ಲ ಅವನ ಕಡತದಲ್ಲಿ. ಕಡತ ಅಂದ್ರೆ ಈಗಿನ ಫೈಲ್ ಅಲ್ಲ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಹಚ್ಚಿ ಒಣಗಿಸಿ ಮಡಚಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೀತಿದ್ರು. 1799ರಲ್ಲಿ ಕೆನರಾ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಕೂಡ ಕಂದಾಯ ನಿಗದಿಗೆ ಹಳೆಯ ಲೆಕ್ಕಗಳನ್ನೇ ನೋಡಬೇಕಾಯ್ತು.

ಈ ಕೆಲಸಕ್ಕೆ ಅರ್ಜಿ, ಪರೀಕ್ಷೆ ಇರಲಿಲ್ಲ. ಹೆಚ್ಚಾಗಿ ಅಪ್ಪನ ನಂತರ ಮಗ. ಲೆಕ್ಕ ಗೊತ್ತಿದ್ದವನ ಕೈಯಲ್ಲೇ ಊರಿನ ಜುಟ್ಟು!

ಹಾಗಾದ್ರೆ ಓದಿ ಪಾಸಾದವರಿಗೇ ಕುರ್ಚಿ ಅನ್ನೋ ಯೋಚನೆ ಎಲ್ಲಿಯದು? ಚೀನಾದ್ದು. ಕ್ರಿ.ಪೂ. 221ರಲ್ಲಿ ದೇಶ ಒಂದುಗೂಡಿಸಿದ ಚಿನ್ ದೊರೆ, ಪ್ರಾಂತ್ಯಗಳಿಗೆ ವಂಶದ ಸಾಮಂತರ ಬದಲು ತಾನೇ ನೇಮಿಸಿದ ಅಧಿಕಾರಿಗಳನ್ನ ಕಳಿಸಿದ. ಸುಮಾರು 800 ವರ್ಷಗಳ ಮೇಲೆ ಸುಯಿ ದೊರೆಗಳು ಪರೀಕ್ಷೆ ಶುರು ಮಾಡಿದ್ರು. ಸೋಂಗ್ ಕಾಲದಲ್ಲಂತೂ ಹೆಸರು ಮುಚ್ಚಿ, ಕೈಬರಹದ ಗುರುತು ಸಿಗದಂತೆ ಗುಮಾಸ್ತರಿಂದ ಉತ್ತರ ನಕಲು ಮಾಡಿಸಿಯೇ ಮೌಲ್ಯಮಾಪನ. ನಮ್ಮ ರಿಜಿಸ್ಟರ್ ನಂಬರಿನ ಮುತ್ತಜ್ಜ! ಆ ಪದ್ಧತಿ 1905ರವರೆಗೂ ನಡೀತು.

ಬ್ರಿಟಿಷರು ಶಿಫಾರಸು ಬಿಟ್ಟು ಸಿವಿಲ್ ಸರ್ವಿಸ್‌ಗೆ ಪರೀಕ್ಷೆ ಇಟ್ಟದ್ದು 1855ರಲ್ಲಿ. ಚೀನಾದ ಮಾದರಿ ಅವರ ಚರ್ಚೆಯಲ್ಲೂ ಇತ್ತು. 1863ರಲ್ಲಿ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟಾಗೋರ್. ಅವರಿಗೆ ಸಿಕ್ಕಿದ್ದು ಮುಂಬೈ ಪ್ರಾಂತ್ಯ. ಉತ್ತರ ಕನ್ನಡ 1862ರಲ್ಲಷ್ಟೇ ಮದ್ರಾಸಿನಿಂದ ಮುಂಬೈಗೆ ಸೇರಿತ್ತು. ಹಾಗಾಗಿ ಅವರು ಕಾರವಾರಕ್ಕೂ ಜಡ್ಜ್ ಆಗಿ ಬಂದ್ರು. ಅಣ್ಣನ ಮನೆಗೆ ಬಂದಿದ್ದ ತಮ್ಮ ರವೀಂದ್ರನಾಥರ ಹೆಸರು ಅಲ್ಲಿನ ಕಡಲತೀರಕ್ಕಿದೆ. ಪರೀಕ್ಷೆ ಬರೆದ ಅಣ್ಣನನ್ನ ನೆನೆಯೋರು ಕಮ್ಮಿ.

ಆದ್ರೆ ಆ ಪರೀಕ್ಷೆ 1922ರವರೆಗೆ ನಡೀತಿದ್ದದ್ದು ಲಂಡನ್ನಿನಲ್ಲಿ ಮಾತ್ರ. ಕುಮಟಾದ ಹುಡುಗ ಎಷ್ಟೇ ಜಾಣನಾದ್ರೂ ಹಡಗಿನ ಟಿಕೆಟ್ಟಿಗೆ ದುಡ್ಡು ಬೇಕಿತ್ತು. ಇನ್ನು ಊರಿನ ಮಟ್ಟದ ವಂಶಪಾರಂಪರ್ಯ ಹುದ್ದೆಗಳು ನಮ್ಮ ರಾಜ್ಯದಲ್ಲಿ ರದ್ದಾದದ್ದು 1961ರ ಕಾಯ್ದೆ 1963ರಲ್ಲಿ ಜಾರಿಯಾದಾಗ. ಚೀನಾದ ಪರೀಕ್ಷೆಗೆ ಹೆಣ್ಣುಮಕ್ಕಳು ಕೂರುವಂತಿರಲಿಲ್ಲ. ಈಗ ಶ್ಯಾನುಭೋಗರ ಜಾಗದಲ್ಲಿರೋ ಗ್ರಾಮ ಆಡಳಿತ ಅಧಿಕಾರಿ ಹುದ್ದೆಗೆ ಭಟ್ಕಳದ ಹುಡುಗಿಯೂ ಅರ್ಜಿ ಹಾಕಬಹುದು, ಅವಳ ಅಡ್ಡಹೆಸರು ಏನೇ ಇರಲಿ.